ಮೀಟರ್ ಓದುವವರ ಗುರುತು

ಬಾಗಿಲಲ್ಲಿ ನಿಂತು ‘ಮೀಟರ್ ನೋಡಬೇಕು’ ಎನ್ನುವ ಅಪರಿಚಿತರನ್ನು ನಾವು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಯಲಹಂಕ ಉಪನಗರಕ್ಕೆ ಹೊಂದಿಕೊಂಡ ಅಟ್ಟೂರಿನಂಥ ಕಡೆ, ಒಂದೇ ಕಟ್ಟಡದಲ್ಲಿ ಮೂರು ನಾಲ್ಕು ಬಾಡಿಗೆ ಸಂಸಾರಗಳಿದ್ದು ಮೆಟ್ಟಿಲ ಕೆಳಗೆ ಮೀಟರುಗಳು ಸಾಲಾಗಿರುವಲ್ಲಿ, ಬಂದವರು ಯಾರೆಂದು ಕೇಳುವ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಆದರೆ ಹೀಗೆ ಒಳಬರುವ ಅಧಿಕಾರಕ್ಕೂ ಒಂದು ಇತಿಹಾಸವಿದೆ, ಒಂದು ಮಿತಿಯೂ ಇದೆ.

ನಮ್ಮ ನಾಡಿನಲ್ಲಿ ವಿದ್ಯುತ್ತಿನ ಮೊದಲ ದೊಡ್ಡ ಗಿರಾಕಿ ಕೋಲಾರದ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹರಿದಾಗ ದರ ಗೊತ್ತಾದದ್ದು ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂದು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿತು. ದೀಪ ಬೀದಿಯಿಂದ ಮನೆಗಳ ಒಳಗೆ ಬಂದ ಮೇಲೆ, ಉರಿಸಿದಷ್ಟಕ್ಕೆ ಮಾತ್ರ ಹಣ ಎಂಬ ನ್ಯಾಯಕ್ಕೆ ಮೀಟರ್ ಬೇಕಾಯಿತು. ಹಂಗೇರಿಯ ಒಟ್ಟೊ ಬ್ಲಾಥಿ 1889ರಲ್ಲಿ ರೂಪಿಸಿದ ಮಾದರಿಯ ಮುಂದುವರಿಕೆಯೇ ಹಳೆಯ ಮನೆಗಳಲ್ಲಿ ಕಾಣುತ್ತಿದ್ದ, ಒಳಗೆ ಅಲ್ಯೂಮಿನಿಯಂ ಬಿಲ್ಲೆ ತಿರುಗುವ ಪೆಟ್ಟಿಗೆ.

ಮೀಟರ್ ಓದುವುದು ಬ್ರಹ್ಮವಿದ್ಯೆಯೇನಲ್ಲ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೆ ಒಂದು ಯೂನಿಟ್. ಈ ತಿಂಗಳ ಅಂಕಿಯಿಂದ ಕಳೆದ ತಿಂಗಳದನ್ನು ಕಳೆದರೆ ಬಳಕೆ ಸಿಗುತ್ತದೆ. ಈಗಿನ ಡಿಜಿಟಲ್ ಮೀಟರಿನಲ್ಲಿ ದಿನಾಂಕ, ವೋಲ್ಟೇಜ್ ಮೊದಲಾದವು ಒಂದಾದ ಮೇಲೊಂದು ಮೂಡುತ್ತವೆ. ‘ಕೆಡಬ್ಲ್ಯುಎಚ್’ ಎಂಬ ಇಂಗ್ಲಿಷ್ ಅಕ್ಷರಗಳ ಜೊತೆಗಿರುವ ಅಂಕಿಯನ್ನೇ ಗುರುತು ಹಾಕಿಕೊಳ್ಳಬೇಕು. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಇನ್ನೂರು ಯೂನಿಟ್ ದಾಟಿದರೆ ಬಿಲ್ಲನ್ನು ಪೂರ್ತಿ ಕಟ್ಟಬೇಕಾದ್ದರಿಂದ ಒಂದೊಂದು ಅಂಕಿಗೂ ಬೆಲೆ ಬಂದಿದೆ.

ಹಾಗಾದರೆ ಓದಲು ಬಂದವರು ಯಾರು? 1957ರಿಂದ ವಿದ್ಯುತ್ ಮಂಡಳಿಯವರು ಬರುತ್ತಿದ್ದರು. 1999ರಲ್ಲಿ ಮಂಡಳಿ ಹೋಗಿ ನಿಗಮ ಬಂತು, 2002ರಲ್ಲಿ ಬೆಸ್ಕಾಂ. ಈಗ ಗುತ್ತಿಗೆಯ ನೌಕರರೂ ಈ ಕೆಲಸ ಮಾಡುವುದುಂಟು. ಹಳ್ಳಿಗಳಲ್ಲಿ ‘ಗ್ರಾಮ ವಿದ್ಯುತ್ ಪ್ರತಿನಿಧಿ’ಗಳು ಅಂಕಿ ಬರೆದುಕೊಳ್ಳುವುದರ ಜೊತೆಗೆ ಹಣವನ್ನೂ ಸಂಗ್ರಹಿಸಿದ್ದಾರೆ. ಆದ್ದರಿಂದ ಉಡುಪೊಂದನ್ನೇ ನೋಡಿ ನಿಜವಾದವರನ್ನು ಗುರುತಿಸಲಾಗದು, ಕೆಲಸದ ರೀತಿಯನ್ನೂ ನೋಡಬೇಕು.

ಕಾನೂನು ಇಲ್ಲಿ ನೆರವಿಗೆ ಬರುತ್ತದೆ. ಮೀಟರ್ ನೋಡಲು ಮನೆಯೊಳಗೆ ಬರುವ ಅಧಿಕಾರವನ್ನು ಬ್ರಿಟಿಷರ 1910ರ ವಿದ್ಯುತ್ ಕಾಯ್ದೆಯೇ ಕೊಟ್ಟಿತ್ತು. 2003ರ ಕಾಯ್ದೆಯ 163ನೇ ಕಲಮು ಅದನ್ನು ಉಳಿಸಿಕೊಂಡಿದೆ. ಆದರೆ ಬರುವವರು ಅಧಿಕೃತರಾಗಿರಬೇಕು, ವೇಳೆ ಯುಕ್ತವಾಗಿರಬೇಕು, ಮನೆಯವರಿಗೆ ತಿಳಿಸಿಯೇ ಬರಬೇಕು. ಆದ್ದರಿಂದ ಗುರುತಿನ ಚೀಟಿ ಕೇಳುವುದು ಅವಮಾನವಲ್ಲ, ನಿಯಮಕ್ಕೆ ಒಪ್ಪುವ ನಡೆ. ನಿಜವಾದ ನೌಕರರಿಗೆ ನಿಮ್ಮ ಆರ್.ಆರ್. ಸಂಖ್ಯೆ ಗೊತ್ತಿರುತ್ತದೆ. ಅವರ ಕೆಲಸ ಮೀಟರಿನ ಬಳಿಯೇ ಮುಗಿಯುತ್ತದೆ, ಕೋಣೆ ಅಡುಗೆಮನೆಗಳಲ್ಲಿ ಅಲ್ಲ. ಬಿಲ್ಲಿನಲ್ಲಿ ಮುದ್ರಿತವಾದ ಅಂಕಿಯನ್ನು ಮೀಟರಿನ ಅಂಕಿಯೊಂದಿಗೆ ಅಲ್ಲೇ ತಾಳೆ ನೋಡಬಹುದು. ಅನುಮಾನವಿದ್ದರೆ 1912ಕ್ಕೆ ದೂರವಾಣಿ ಮಾಡಬಹುದು.

ಮೋಸಗಾರರು ಈಗ ಬಾಗಿಲಿಗೆ ಬರಲೇಬೇಕೆಂದೂ ಇಲ್ಲ. ‘ಬಿಲ್ ಬಾಕಿ ಇದೆ, ಇಂದು ರಾತ್ರಿಯೇ ವಿದ್ಯುತ್ ಕಡಿತ’ ಎಂಬ ಸುಳ್ಳು ಸಂದೇಶಗಳು 2022ರ ಸುಮಾರಿಗೆ ಊರೂರಿನ ಫೋನುಗಳಿಗೆ ಬಂದವು. ಅದೇ ಕಾಯ್ದೆಯ 56ನೇ ಕಲಮಿನಂತೆ, ಬಾಕಿಗಾಗಿ ವಿದ್ಯುತ್ ಕಡಿಯುವ ಮುನ್ನ ಹದಿನೈದು ದಿನಗಳ ಲಿಖಿತ ನೋಟಿಸು ಕೊಡಬೇಕು. ಇದನ್ನು ತಿಳಿದವರು ಆ ರಾತ್ರಿಯ ಬೆದರಿಕೆಗೆ ಬೀಳುವುದಿಲ್ಲ.

2025ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಬಂದಿದೆ. ಅಂಕಿಯನ್ನು ದೂರದಿಂದಲೇ ಓದಬಲ್ಲ ಈ ಸಾಧನ ಹರಡಿದಂತೆ ತಿಂಗಳಿಗೊಮ್ಮೆ ಬರುವ ಆ ಮುಖ ಮರೆಯಾಗಬಹುದು. ಮೀಟರ್ ಒಂದು ಸಾಕ್ಷಿ ಇದ್ದಂತೆ, ಮಾರುವವರಿಗೂ ಕೊಳ್ಳುವವರಿಗೂ ಅದು ಹೇಳುವ ಮಾತು ಒಂದೇ. ಓದುವವರು ಬರಲಿ, ಬಾರದಿರಲಿ, ತಿಂಗಳಿಗೊಮ್ಮೆ ಅದರ ಮುಂದೆ ನಿಂತು ಅಂಕಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮನೆಯವರಿಗಿದ್ದರೆ ಆ ಸಾಕ್ಷಿ ನಮ್ಮ ಪಾಲಿಗೂ ಉಳಿಯುತ್ತದೆ.