ಹೈದರಾಬಾದ್ ಕರ್ನಾಟಕ: 1948ರ ಪೂರ್ವಾರ್ಧ ಮತ್ತು ಉತ್ತರಾರ್ಧ

ಹೈದರಾಬಾದ್ ಸಂಸ್ಥಾನದ ವಿಮೋಚನೆಯ ಕಥೆಯನ್ನು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ಹೆಮ್ಮೆಯಿಂದ ಹೇಳುತ್ತ ಬಂದಿದ್ದಾರೆ. ಆ ಹೆಮ್ಮೆ ಸಕಾರಣವಾದುದೇ. ಆದರೆ 1948ರ ಸಪ್ಟಂಬರ 17ಕ್ಕೆ ಕಥೆಯನ್ನು ಮುಗಿಸುವ ರೂಢಿಯಿಂದಾಗಿ ಅದರ ಉತ್ತರಾರ್ಧವು ಮರೆಯಲ್ಲಿಯೇ ಉಳಿದಿದೆ.

ಪೂರ್ವಾರ್ಧವು ಸರ್ವವಿದಿತ. 1947ರ ನವಂಬರ 29ರಂದು ನಿಜಾಮನು ಭಾರತದೊಡನೆ ಯಥಾಸ್ಥಿತಿ ಒಪ್ಪಂದಕ್ಕೆ ಸಮ್ಮತಿಸಿದನು. ಆದರೂ ಲಾತೂರಿನ ವಕೀಲ ಕಾಸಿಂ ರಜವಿಯ ರಜಾಕಾರ ದಳವು ಹಳ್ಳಿಗಳನ್ನು ಸುಲಿಯಿತು, ಸುಟ್ಟಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಸುಮಾರು 200 ಜನ ಹತರಾದರೆಂದು ಆ ಸೀಮೆಯವರು ನೆನೆಯುತ್ತಾರೆ. ಸಾವಿರಾರು ಕುಟುಂಬಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸೊಲ್ಲಾಪುರ, ವಿಜಾಪುರ, ಧಾರವಾಡ ಜಿಲ್ಲೆಗಳಿಗೆ ವಲಸೆ ಬಂದವು. ರಜಾಕಾರರನ್ನು ಖಂಡಿಸಿದ ಮುಸಲ್ಮಾನರಿಗೂ ರಕ್ಷಣೆಯಿರಲಿಲ್ಲ. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ಅದೇ ಅಗಸ್ಟಿನಲ್ಲಿ ಕೊಲೆಗೀಡಾದರು.

ಸಪ್ಟಂಬರ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ಐದು ದಿನಗಳಲ್ಲಿ ನಿಜಾಮನ ಆಡಳಿತ ಶರಣಾಯಿತು. ಅನಂತರ ಸೇಡಿನ ಬೆಂಕಿ ಹೊತ್ತಿತು. ಅದಕ್ಕೆ ಆಹುತಿಯಾದವರೆಲ್ಲ ರಜಾಕಾರರಾಗಿರಲಿಲ್ಲ. ಎಂದೂ ಆಯುಧ ಹಿಡಿಯದ ಮುಸಲ್ಮಾನ ರೈತರೂ ಕುಶಲಕರ್ಮಿಗಳೂ ಅವರಲ್ಲಿದ್ದರು. ಇದರ ಪರಿಶೀಲನೆಗಾಗಿ ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ, ಖಾಜಿ ಅಬ್ದುಲ್ ಗಫಾರ ಮೊದಲಾದವರನ್ನು ಕಳುಹಿಸಿದರು. ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸಂಚರಿಸಿದ ಈ ಮಂಡಲಿಯು, ಕನಿಷ್ಠ 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ, ನಾಂದೇಡಗಳ ಜೊತೆಗೆ ನಮ್ಮ ಗುಲಬರ್ಗಾ ಮತ್ತು ಬೀದರ ಸೇರಿದ್ದವು. ಸೈನಿಕರೂ ಪೋಲೀಸರೂ ಲೂಟಿಯಲ್ಲಿ ಪಾಲುಗೊಂಡ ಪ್ರಸಂಗಗಳನ್ನು ವರದಿಯು ದಾಖಲಿಸಿದೆ. ಪ್ರಾಣವನ್ನೂ ಒತ್ತೆಯಿಟ್ಟು ಮುಸಲ್ಮಾನ ನೇಕಾರರನ್ನು ಕಾಪಾಡಿದ ಹಿಂದೂ ನೇಕಾರರನ್ನೂ ಅದು ಮರೆತಿಲ್ಲ.

ಸರದಾರ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ಸರಕಾರ ಅದನ್ನು ಪ್ರಕಟಿಸಲೂ ಇಲ್ಲ. ಅದರ ಪೂರ್ಣ ಪ್ರತಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರಿಗೆ ಲಭ್ಯವಾದುದು 2013ರ ಸುಮಾರಿಗೆ. ಮಂಡಲಿಯ ಅಂಕಿಗಳು ಅಂದಾಜುಗಳೇ ಹೊರತು ಎಣಿಕೆಯಲ್ಲ. ಅವುಗಳ ಬಗ್ಗೆ ವಾದಕ್ಕೆ ಅವಕಾಶವುಂಟು. ಹತ್ಯೆ ನಡೆಯಿತೆಂಬುದನ್ನು ಮಾತ್ರ ಆ ವಾದವು ಅಳಿಸಲಾರದು.

ಗೋರಟಾದ ದುಃಖವನ್ನು ಮುಂದೊಡ್ಡಿ ಸಪ್ಟಂಬರದ ಹತ್ಯೆಗಳನ್ನು ಸಮರ್ಥಿಸುವವರುಂಟು. ಸಪ್ಟಂಬರವನ್ನು ತೋರಿಸಿ ರಜಾಕಾರರ ಪಾತಕವನ್ನು ಹಗುರಗೊಳಿಸುವವರೂ ಉಂಟು. ಇಬ್ಬರ ಲೆಕ್ಕವೂ ತಪ್ಪು. ಒಬ್ಬನ ಸಾಲವನ್ನು ಇನ್ನೊಬ್ಬನ ಖಾತೆಗೆ ಬರೆದು ತೀರಿಸಲಾಗದು. ನಾಡಿನ ಇತಿಹಾಸವನ್ನು ಬರೆಯುವವರು ಎರಡು ಖಾತೆಗಳನ್ನೂ ತೆರೆದಿಡಬೇಕು. ಸತ್ತವರೆಲ್ಲರೂ ನಮ್ಮ ನಾಡಿನವರೇ.