ಸಂತೆ ಸುಂಕಕ್ಕೂ ಕ್ಯೂಆರ್ ಕೋಡ್: ದಾಖಲೆ ಯಾರ ಹೆಸರಲ್ಲಿ?

ಈಗ ಹೇಗಿದೆ?
ವಾರದ ಸಂತೆಯ ಸುಂಕ ವಸೂಲಿ ಹಕ್ಕನ್ನು ರಾಜ್ಯದ ಅನೇಕ ಗ್ರಾಮ ಪಂಚಾಯಿತಿ, ಪುರಸಭೆಗಳು ಹರಾಜು ಹಾಕುತ್ತವೆ. ಗುತ್ತಿಗೆದಾರ ಕಟ್ಟಿದ ಹರಾಜು ಮೊತ್ತ ಪಂಚಾಯಿತಿ ಲೆಕ್ಕಕ್ಕೆ ಬರುತ್ತೆ. ಆದರೆ ಸೊಪ್ಪು ಮಾರುವವರಿಂದ, ಬಳೆ ಮಾರುವವರಿಂದ ಎಷ್ಟೆಷ್ಟು ವಸೂಲಾಯ್ತು ಅನ್ನೋದು ಅವನ ಚೀಟಿ ಪುಸ್ತಕದಲ್ಲೇ ಉಳಿಯುತ್ತೆ. ಚೀಟಿ ಕೊಡದಿದ್ದರೆ ಅದೂ ಇಲ್ಲ.

ಡಿಜಿಟಲ್ ಆದರೆ ಏನು ಬದಲಾಗುತ್ತೆ?
ಹಣ ನೇರವಾಗಿ ಪಂಚಾಯಿತಿ ಖಾತೆಗೆ ಬಿದ್ದರೆ ಸಂತೆಯ ನಿಜವಾದ ಆದಾಯ ಗೊತ್ತಾಗುತ್ತೆ. ಹರಾಜು ಬೇಕಾ, ಬೇಡವಾ ಅಂತ ಲೆಕ್ಕ ಹಾಕಿ ತೀರ್ಮಾನಿಸಬಹುದು. ಕ್ಯೂಆರ್ ಕೋಡ್ ಗುತ್ತಿಗೆದಾರನದ್ದೇ ಆಗಿದ್ದರೆ ಮಾತ್ರ ಬದಲಾಗೋದು ನೋಟು, ವ್ಯವಸ್ಥೆಯಲ್ಲ.

ಎಪಿಎಂಸಿ ಏನು ಹೇಳುತ್ತೆ?
ಕರ್ನಾಟಕ 2014ರಲ್ಲೇ ಎಪಿಎಂಸಿಗಳನ್ನು ಏಕೀಕೃತ ಆನ್‌ಲೈನ್ ವೇದಿಕೆಗೆ ತರಲು ಶುರು ಮಾಡಿತು. ಕೇಂದ್ರದ ಇ-ನಾಮ್ ಬಂದಿದ್ದು 2016ರ ಏಪ್ರಿಲ್‌ನಲ್ಲಿ. ಇಲ್ಲಿ ಗೇಟಿನಲ್ಲೇ ರೈತನ ಮಾಲಿಗೆ ಲಾಟ್ ಸಂಖ್ಯೆ ಸಿಗುತ್ತೆ. ಅಂದರೆ ದಾಖಲೆ ಶುರುವಾಗೋದು ಮಾರುವವನಿಂದ. ಸಂತೆಯಲ್ಲೂ ಹಾಗೇ ಆಗಬೇಕು.

ಹೆಸರು ಯಾಕೆ ಮುಖ್ಯ?
ಪಟ್ಟಣಗಳಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ ಅನ್ನುತ್ತೆ ಅದು. ಆದರೆ 'ಇಪ್ಪತ್ತು ವರ್ಷದಿಂದ ಇಲ್ಲೇ ಕೂರ್ತಿದ್ದೀನಿ' ಅಂತ ಬಾಯಲ್ಲಿ ಹೇಳಿದರೆ ಸಾಲದು. ಹೆಸರು, ಜಾಗ, ದಿನಾಂಕ ಇರುವ ರಸೀದಿ ಕೈಯಲ್ಲಿದ್ದರೆ ಆ ಮಾತಿಗೆ ತೂಕ ಬರುತ್ತೆ.

ವ್ಯಾಪಾರಿಗಳಿಗೆ ಭಯ ಯಾಕೆ?
2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನೋ ಚೀಟಿ ಅಂಟಿದವು. ಸರಕು ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಇದನ್ನು ಮೊದಲೇ ತಿಳಿಸಿ ಹೇಳುವವರಿಲ್ಲದಿದ್ದರೆ ಜನ ದಾಖಲೆಯಿಂದಲೇ ದೂರ ಓಡುತ್ತಾರೆ.

ಹಾಗಾದರೆ ಏನು ಕೇಳಬೇಕು?
• ಸುಂಕದ ದರಪಟ್ಟಿ ಸಂತೆ ಬಾಗಿಲಲ್ಲೇ ಇರಲಿ.
• ಕೊಡೋದು ನಗದಾದರೂ ಸರಿ, ವ್ಯಾಪಾರಿಯ ಹೆಸರಲ್ಲಿ ಕನ್ನಡದ ರಸೀದಿ ಸಿಗಲಿ. ಸ್ಮಾರ್ಟ್‌ಫೋನ್ ಇಲ್ಲದವರನ್ನು ಹೊರಗಿಡಬೇಡಿ.
• ತಿಂಗಳ ವಸೂಲಿ, ಅದರಲ್ಲಿ ನೀರು, ನೆರಳು, ಶೌಚಾಲಯಕ್ಕೆ ಆದ ಖರ್ಚು ಎರಡೂ ನೋಟಿಸ್ ಬೋರ್ಡಿಗೆ ಬರಲಿ.
• ಈ ಮಾಹಿತಿಯನ್ನು ಬೇರೆ ಯಾವ ಇಲಾಖೆ ನೋಡಬಹುದು ಅನ್ನೋದು ಲಿಖಿತವಾಗಿ ಗೊತ್ತಿರಲಿ.

ಸುಂಕ ಕಟ್ಟುವವರ ಲೆಕ್ಕ ಸರ್ಕಾರಕ್ಕೆ ಸಿಗುವಷ್ಟೇ ಸುಲಭವಾಗಿ ಸುಂಕದ ಲೆಕ್ಕ ಅವರಿಗೂ ಸಿಗಬೇಕು. ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ.