ಹಳೇ ಪ್ರಿಆಂಪ್‌ನಲ್ಲಿ ಒಂದು ಪುಟ್ಟ ಸ್ವಿಚ್

ವಿನೈಲ್ ರೆಕಾರ್ಡ್‌ನಲ್ಲಿ ಹಾಡು ಇದ್ದ ಹಾಗೇ ಇರಲ್ಲ, ಗೊತ್ತಾ? ಬೇಸ್ ಜೋರಾದ್ರೆ ಗೆರೆ ಅಗಲ ಆಗುತ್ತೆ, ಜಾಗ ಸಾಲಲ್ಲ. ಅದಕ್ಕೆ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೊರೆಯುತ್ತಾರೆ. ಕೇಳುವಾಗ ಅದನ್ನು ಉಲ್ಟಾ ಮಾಡಿ ಸರಿಪಡಿಸೋದು ಪ್ರಿಆಂಪ್.

1954ರಲ್ಲಿ ಅಮೆರಿಕದಲ್ಲಿ ಆರ್‌ಐಎಎ ಅನ್ನೋ ಒಂದೇ ಅಳತೆ ಬಂತು. ಅದಕ್ಕೂ ಮುಂಚೆ ಕಂಪನಿಗೊಂದು ಲೆಕ್ಕ. ನ್ಯೂಯಾರ್ಕ್‌ನ ಸಾಲ್ ಮರಾಂಟ್ಜ್ ಮನೆಯಲ್ಲೇ ಕಟ್ಟಿದ ಮೊದಲ ಪ್ರಿಆಂಪ್‌ನಲ್ಲಿ ಆ ಬೇರೆ ಬೇರೆ ಲೆಕ್ಕಗಳಿಗೆ ಸೆಟ್ಟಿಂಗ್ ಇಟ್ಟರು. ಆಮೇಲೆ ಸ್ಟೀರಿಯೋ ಕಾಲದ ಮಾಡೆಲ್ 7ರಲ್ಲೂ ಹಳೇ ಕೊಲಂಬಿಯಾ ಎಲ್‌ಪಿ, ಹಳೇ 78ಗಳಿಗೆ ಸ್ವಿಚ್ ಉಳಿಸಿದರು.

ವಾಲ್ವ್ ಸದ್ದು ಬೆಚ್ಚಗಿರುತ್ತೆ ಅಂತಾರೆ, ಇರಲಿ. ಕಾಮರ್ಸ್ ಓದಿದ ನನಗೆ ಇಷ್ಟ ಆಗೋದು ಆ ಸ್ವಿಚ್ಚೇ. ಹೊಸ ಚಾರ್ಜರ್ ಬಂದ ಕೂಡ್ಲೇ ನಮ್ಮ ಹಳೇ ಕೇಬಲ್ ಡ್ರಾಯರ್ ಸೇರುತ್ತೆ. ಅಲ್ಲಿ ಹಳೇ ರೆಕಾರ್ಡ್ ಕೊಂಡವರ ದುಡ್ಡು ದಂಡ ಆಗ್ಲಿಲ್ಲ.